ಸೌದೆಮನೆಗೆ ಬಾಗಿಲು ಬೇಡ

ಹಿತ್ತಲಲ್ಲಿ ನಾನು ಕಟ್ಟಿದ ಮೊದಲ ಸೌದೆಮನೆಗೆ ನಾಲ್ಕೂ ಕಡೆ ಹಲಗೆ ಹೊಡೆದಿದ್ದೆ. ಬಾಗಿಲೂ ಇಟ್ಟಿದ್ದೆ. ಒಂದು ಹನಿ ಮಳೆ ಒಳಗೆ ಬೀಳುತ್ತಿರಲಿಲ್ಲ. ಹಸಿ ಸೌದೆ ತುಂಬಿ ಬಾಗಿಲು ಹಾಕಿದೆ. ಐದು ತಿಂಗಳು ಬಿಟ್ಟು ತೆಗೆದರೆ ಅಣಬೆಯ ವಾಸನೆ ಮುಖಕ್ಕೆ ರಾಚಿತು. ತುಂಡುಗಳ ತುದಿಯಲ್ಲೆಲ್ಲ ಬಿಳಿ ಬೂಸ್ಟು. ತೊಗಟೆ ಎಳೆದರೆ ಹಾಗೇ ಕೈಗೆ ಬಂತು, ಅಡಿಯಲ್ಲಿ ಒದ್ದೆ. ಆ ಸೌದೆ ಮಳೆಯಲ್ಲಿ ನೆನೆದಿರಲಿಲ್ಲ. ಮರದೊಳಗೇ ಇದ್ದ ನೀರಿಗೆ ಹೊರಗೆ ಹೋಗಲು ದಾರಿ ಸಿಕ್ಕಿರಲಿಲ್ಲ.

ಎರಡನೆಯದನ್ನು ಕಟ್ಟಿ ಈಗ ಆರು ವರ್ಷ. ಇದಕ್ಕೆ ಮುಂಭಾಗದಲ್ಲಿ ಗೋಡೆಯೇ ಇಲ್ಲ. ಉಳಿದ ಮೂರು ಕಡೆ ಸಂದು ಬಿಟ್ಟು ಪಟ್ಟಿ ಹೊಡೆದಿದ್ದೇನೆ. ಇರಚಲಿಗೆ ಹೊರಗಿನ ತುಂಡುಗಳು ಸ್ವಲ್ಪ ನೆನೆಯುತ್ತವೆ, ಒಂದೆರಡು ದಿನ ಗಾಳಿ ಆಡಿದರೆ ಒಣಗುತ್ತವೆ. ಸೌದೆಗೆ ಬೇಕಾದದ್ದು ತಲೆ ಮೇಲೊಂದು ಮಾಡು, ಕಾಲ ಕೆಳಗೆ ಗಾಳಿ, ಪಕ್ಕದಲ್ಲಿ ಗಾಳಿ. ನಾನು ಹೇಳುವ ಅಳತೆಗಳನ್ನು ನೀವು ಬದಲಾಯಿಸಿಕೊಳ್ಳಬಹುದು. ಗಾಳಿಯ ವಿಷಯದಲ್ಲಿ ಮಾತ್ರ ರಾಜಿ ಬೇಡ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಸಿ ಮರದಲ್ಲಿ ನೀರು ನಾವು ಅಂದುಕೊಂಡದ್ದಕ್ಕಿಂತ ತುಂಬಾ ಜಾಸ್ತಿ. ಎರಡನೆಯ ಸೌದೆಮನೆ ತುಂಬಿದ ದಿನ ಒಂದು ತುಂಡಿಗೆ ಬಣ್ಣದ ಗುರುತು ಹಾಕಿ ತೂಗಿದೆ. 2 ಕಿಲೋ 400 ಗ್ರಾಂ ಇತ್ತು. ತಿಂಗಳಿಗೊಮ್ಮೆ ತೂಗಿ ಗೋಡೆ ಮೇಲೆ ಬರೆಯುತ್ತಾ ಹೋದೆ. ಎಂಟನೇ ತಿಂಗಳಿಗೆ 1 ಕಿಲೋ 650 ಗ್ರಾಂಗೆ ಬಂದು ನಿಂತಿತು. ಒಂದೇ ತುಂಡಿನಿಂದ ಮುಕ್ಕಾಲು ಲೀಟರ್ ನೀರು ಹೋಯಿತು. ಹಸಿಯಾಗಿ ಉರಿಸಿದ್ದರೆ ಆ ಮುಕ್ಕಾಲು ಲೀಟರನ್ನೂ ಒಲೆಯೇ ಕುದಿಸಿ ಆವಿ ಮಾಡಬೇಕಿತ್ತು. ಒಂದು ಲೀಟರ್ ನೀರನ್ನು ಕುದಿಸಿ ಪೂರ್ತಿ ಆವಿ ಮಾಡಲು ಸುಮಾರು 600 ಕಿಲೋಕ್ಯಾಲರಿ ಶಾಖ ಬೇಕು. ಆ ಶಾಖ ನಮಗೆ ಸಿಗುವುದಿಲ್ಲ, ಹೊಗೆಯ ಜೊತೆ ಮೇಲೆ ಹೋಗುತ್ತದೆ. ಬೆಂಕಿ ತಣ್ಣಗಿರುವುದರಿಂದ ಹೊಗೆ ಪೂರ್ತಿ ಉರಿಯದೆ ಹೊಗೆಕೊಳವೆಯ ಒಳಗೋಡೆಗೆ ಡಾಂಬರಿನಂಥ ಅಂಟಾಗಿ ಮೆತ್ತಿಕೊಳ್ಳುತ್ತದೆ. ಅದು ದಪ್ಪವಾದರೆ ಮುಂದೆ ಕೊಳವೆಯೊಳಗೇ ಬೆಂಕಿ ಹತ್ತಬಹುದು.

ಜಾಗ ಹುಡುಕುವುದರಿಂದ ಶುರು ಮಾಡೋಣ. ನಾಲ್ಕೈದು ದಿನ ಹಿತ್ತಲಲ್ಲಿ ಸುಮ್ನೆ ನಿಂತು ನೋಡಿ. ಗಾಳಿ ಯಾವ ಕಡೆಯಿಂದ ಬರುತ್ತದೆ, ಬಿಸಿಲು ಎಲ್ಲಿ ಹೆಚ್ಚು ಹೊತ್ತು ಇರುತ್ತದೆ, ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತದೆ. ತೆರೆದ ಮುಖ ಬಿಸಿಲಿನ ಕಡೆ ಇರಲಿ. ಆದರೆ ಜೋರು ಮಳೆ ಹೊಡೆಯುವ ದಿಕ್ಕೂ ಅದೇ ಆಗಿದ್ದರೆ ಸ್ವಲ್ಪ ತಿರುಗಿಸಿ. ಮನೆಯ ಗೋಡೆಗೆ ತಾಗಿಸಿ ಮಾತ್ರ ಕಟ್ಟಬೇಡಿ. ಎರಡು ಹೆಜ್ಜೆ ನಡೆಯುವುದು ಉಳಿಯುತ್ತದೆ ಅನ್ನುವ ಆಸೆ ಎಲ್ಲರಿಗೂ ಬರುತ್ತದೆ. ಸೌದೆ ರಾಶಿಗೆ ಬಂದ ಗೆದ್ದಲಿಗೆ ಮನೆಯ ಬಾಗಿಲು, ಚೌಕಟ್ಟು ಆಮೇಲೆ ದೂರವಲ್ಲ. ಇಲಿ, ಹಾವು, ಚೇಳಿಗೂ ಸೌದೆ ಸಂದು ಇಷ್ಟ. ಬೆಂಕಿಯ ಭಯ ಬೇರೆ. ನನ್ನದು ಮನೆಯಿಂದ 20 ಅಡಿ ದೂರದಲ್ಲಿದೆ. ಮಳೆಯಲ್ಲಿ ಓಡಿ ಹೋಗಿ ಒಂದು ತೋಳು ಸೌದೆ ತರಲು ಇದು ಹೆಚ್ಚೇನಲ್ಲ.

ಅಳತೆಯನ್ನು ನಿಮ್ಮ ಸೌದೆಯ ಉದ್ದದಿಂದ ಲೆಕ್ಕ ಹಾಕಿ. ನನ್ನ ಒಲೆಗೆ 16 ಇಂಚಿನ ತುಂಡು ಸರಿ ಹೋಗುತ್ತದೆ. ಎರಡು ಸಾಲು ಅಂದರೆ 32 ಇಂಚು. ಸಾಲುಗಳ ನಡುವೆ 4 ಇಂಚು, ಹಿಂದೆ 4 ಇಂಚು ಗಾಳಿಗೆ ಬಿಟ್ಟರೆ ಒಳಗೆ 40 ಇಂಚು ಬೇಕು. ಕಂಬದ ದಪ್ಪ ಸೇರಿ ಹೊರಗಿನಿಂದ 4 ಅಡಿ ಆಳ ಇಟ್ಟೆ. ಅಗಲ 8 ಅಡಿ. ಮೂರನೇ ಸಾಲಿಗೆ ಆಸೆ ಪಡಬೇಡಿ, ನಡುವಿನ ಸಾಲಿಗೆ ಗಾಳಿ ತಲುಪುವುದೇ ಇಲ್ಲ. ಜಾಸ್ತಿ ಸೌದೆ ಇದ್ದರೆ ಅಗಲ ಹೆಚ್ಚಿಸಿ, ಆಳ ಬೇಡ. ಮುಂದಿನ ಎತ್ತರ 7 ಅಡಿ, ಹಿಂದಿನದು 6 ಅಡಿ. ನಾಲ್ಕು ಅಡಿಗೆ ಒಂದು ಅಡಿ ಇಳಿಜಾರು ಸಿಗುತ್ತದೆ, ನೀರು ಹಿಂದಕ್ಕೆ ಹರಿದು ಹೋಗುತ್ತದೆ. ಸೌದೆ ತೆಗೆಯುವವರ ತಲೆ ಮೇಲೆ ಸೂರಿನ ನೀರು ಬೀಳುವುದಿಲ್ಲ.

ಗೂಟ ಹೊಡೆದು ದಾರ ಕಟ್ಟುವಾಗ ಮೂಲೆಯಿಂದ ಮೂಲೆಗೆ ಓರೆಯಾಗಿ ಎರಡೂ ಅಳತೆ ತೆಗೆಯಿರಿ. 8ಕ್ಕೆ 4 ಅಡಿಯಾದರೆ ಎರಡೂ 8 ಅಡಿ 11 ಇಂಚು ಚಿಲ್ಲರೆ ಬರಬೇಕು. ಒಂದು ಹೆಚ್ಚು ಒಂದು ಕಡಿಮೆ ಬಂದರೆ ಮೂಲೆ ಸೊಟ್ಟಗಿದೆ ಅಂತ ಅರ್ಥ. ಇಲ್ಲಿ ಅರ್ಧ ಗಂಟೆ ಹೋದರೂ ಪರವಾಗಿಲ್ಲ. ಇಲ್ಲಿ ಬಿಟ್ಟ ಸೊಟ್ಟು ಮಾಡಿಗೆ ಶೀಟು ಹಾಕುವ ದಿನ ಎದುರಿಗೆ ಬಂದು ನಿಲ್ಲುತ್ತದೆ.

ಕಂಬ ಆರು. ಮುಂದೆ ಮೂರು, ಹಿಂದೆ ಮೂರು, 3 ಇಂಚು ದಪ್ಪದವು. ಮೊದಲ ಸಲ ನಾನು ಕಂಬಗಳನ್ನು ನೇರ ಮಣ್ಣಿಗೆ ಹೂತಿದ್ದೆ. ಎರಡೇ ವರ್ಷಕ್ಕೆ ನೆಲಮಟ್ಟದಲ್ಲಿ ಸುತ್ತ ಮೆತ್ತಗಾಯಿತು. ಕೊಳೆತದ್ದು ಮಣ್ಣಿನೊಳಗಿನ ಭಾಗಕ್ಕಿಂತ ಮೊದಲು ಮಣ್ಣಿನ ಬಾಯಿಯಲ್ಲಿ, ನೀರೂ ಗಾಳಿಯೂ ಎರಡೂ ಸಿಗುವ ಕಡೆ. ಈ ಸಲ ಒಂದು ಅಡಿ ಚದರ, ಒಂದೂವರೆ ಅಡಿ ಆಳದ ಗುಂಡಿ ತೋಡಿ ಕಾಂಕ್ರೀಟ್ ಹಾಕಿದೆ. ಅದು ಹಸಿ ಇರುವಾಗಲೇ ಇಂಗ್ಲಿಷಿನ ಯು ಆಕಾರದ ಕಬ್ಬಿಣದ ಪಟ್ಟಿ ನೆಟ್ಟೆ. ಕಂಬದ ಬುಡ ಕಾಂಕ್ರೀಟಿಗೆ ತಾಗದ ಹಾಗೆ ಎರಡು ಇಂಚು ಮೇಲೆ ಎತ್ತಿ ಆ ಪಟ್ಟಿಗೆ ಬೋಲ್ಟ್ ಹಾಕಿದೆ. ಮುಂದೆ ತೆರೆದಿರುವ ಮಾಡಿಗೆ ಗಾಳಿ ಅಡಿಯಿಂದ ನುಗ್ಗಿ ಮೇಲಕ್ಕೆ ಎತ್ತುತ್ತದೆ. ಹಾಗಾಗಿ ಕಲ್ಲಿನ ಮೇಲೆ ಕಂಬ ಸುಮ್ನೆ ನಿಲ್ಲಿಸಿದರೆ ಸಾಲದು, ನೆಲಕ್ಕೆ ಹಿಡಿದಿರಬೇಕು.

ನೆಲದ ಹಾಸನ್ನು ಕಂಬಗಳಿಗೆ ಜೋಡಿಸಬೇಡಿ. ಅದು ತನ್ನ ಕಾಲ ಮೇಲೆ ತಾನೇ ನಿಲ್ಲಲಿ. ಐದು ಅಡಿ ಎತ್ತರಕ್ಕೆ ಹಸಿ ಸೌದೆ ಒಟ್ಟಿದರೆ ಒಂದೂವರೆ ಟನ್ನಿಗೂ ಮೇಲೆ ಭಾರ ಬರುತ್ತದೆ. ನೆಲ ಒಂದು ಕಡೆ ಒಂದಿಷ್ಟು ಕುಸಿದರೂ ಮಾಡು ಓರೆಯಾಗಬಾರದು. ನಾನು ಮಾಡಿದ್ದು ಹೀಗೆ: ಹುಲ್ಲು, ಬೇರು ಕೆರೆದು ತೆಗೆದೆ. ನಾಲ್ಕು ಇಂಚು ಜಲ್ಲಿ ಹರಡಿ ದಮ್ಮಸು ಹೊಡೆದೆ. ಮೇಲೆ ಮೂರು ಸಾಲಿನಲ್ಲಿ ಮೂರು ಮೂರರಂತೆ ಒಂಬತ್ತು ಸಿಮೆಂಟ್ ಇಟ್ಟಿಗೆ. ಪ್ರತಿ ಸಾಲಿನ ಮೇಲೆ 3ಕ್ಕೆ 4 ಇಂಚಿನ ಒಂದು ತೊಲೆ, 4 ಇಂಚಿನ ಬದಿ ನಿಲ್ಲಿಸಿ. ತೊಲೆಗಳ ಮೇಲೆ ಅಡ್ಡಡ್ಡ ಪಟ್ಟಿ, ನಡುವೆ ಒಂದೂವರೆ ಇಂಚು ಸಂದು. ಮಣ್ಣಿಗೂ ಪಟ್ಟಿಗೂ ನಡುವೆ ಅರ್ಧ ಅಡಿಗಿಂತ ಹೆಚ್ಚು ಖಾಲಿ ಇರಬೇಕು. ಕೂತು ನೋಡಿದರೆ ಆ ಕಡೆಯ ಬೆಳಕು ಕಾಣಬೇಕು. ಗೆದ್ದಲು ಇಟ್ಟಿಗೆ ಹತ್ತಿ ಮಣ್ಣಿನ ಗೆರೆ ಕಟ್ಟಿದರೂ ನಿಮ್ಮ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ನೋಡಿ, ಗೆರೆ ಕಂಡರೆ ಆಗಲೇ ಕೆರೆದು ಹಾಕಿ.

ಈ ಕೆಲಸಕ್ಕೆ ಗೆದ್ದಲು ಹಿಡಿಯದ, ಕೊಳೆಯದ ಹಾಗೆ ಔಷಧಿ ಕುಡಿಸಿದ ಮರ ಬಳಸಿದರೆ ಒಳ್ಳೆಯದು. ಕೊಯ್ದ ತುದಿಗಳಿಗೆ ಮಾತ್ರ ಮತ್ತೆ ಔಷಧಿ ಬಳಿಯಿರಿ, ಯಾಕೆಂದರೆ ಅದು ತಿರುಳಿನವರೆಗೆ ಇಳಿದಿರುವುದಿಲ್ಲ. ಒಂದು ಮಾತು ಮರೆಯಬೇಡಿ. ಉಳಿದ ಚೂರುಗಳನ್ನು ಒಲೆಗೆ ಹಾಕಲೇಬೇಡಿ. ಕೆಲವು ಔಷಧಿಗಳಲ್ಲಿ ಆರ್ಸೆನಿಕ್ ಇರುತ್ತದೆ, ಅದರ ಹೊಗೆಯೂ ವಿಷ, ಬೂದಿಯೂ ವಿಷ. ನಾನು ಅಂಥ ಚೂರುಗಳನ್ನು ಬೇರೆ ಚೀಲಕ್ಕೆ ತುಂಬಿ ಬಾಯಿ ಕಟ್ಟಿಟ್ಟಿದ್ದೆ, ಸೌದೆ ಚೂರಿನ ಜೊತೆ ಬೆರೆಯದಿರಲಿ ಅಂತ.

ಪಕ್ಕದ ಮತ್ತು ಹಿಂದಿನ ಪಟ್ಟಿಗಳ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಪಟ್ಟಿಗಳನ್ನು ಕಂಬದ ಒಳಮೈಗೆ ಹೊಡೆಯಬೇಕು. ಹೊರಗಿನಿಂದ ಹೊಡೆಯುವುದು ಸುಲಭ, ನೋಡಲೂ ಚೆಂದ. ಆದರೆ ಸೌದೆ ಒಣಗುತ್ತಾ ಜಗ್ಗುತ್ತದೆ, ಪಕ್ಕಕ್ಕೆ ತಳ್ಳುತ್ತದೆ. ಪಟ್ಟಿ ಹೊರಗಿದ್ದರೆ ಆ ತಳ್ಳಾಟ ಪೂರ್ತಿ ಮೊಳೆಯ ಮೇಲೆ ಬಿದ್ದು ಮೊಳೆ ಕಿತ್ತು ಬರುತ್ತದೆ. ಒಳಗಿದ್ದರೆ ಪಟ್ಟಿ ಕಂಬಕ್ಕೇ ಒತ್ತಿಕೊಳ್ಳುತ್ತದೆ, ಭಾರ ಜಾಸ್ತಿಯಾದಷ್ಟೂ ಬಿಗಿ. ನಾನು 3 ಇಂಚು ಅಗಲದ ಪಟ್ಟಿಗೆ 2 ಇಂಚು ಸಂದು ಬಿಟ್ಟಿದ್ದೇನೆ. ಸಂದು ಸಮ ಬರಲು 2 ಇಂಚಿನ ಒಂದು ಮರದ ತುಂಡನ್ನು ಅಳತೆಗೆ ಇಟ್ಟುಕೊಂಡರೆ ಸಾಕು, ಟೇಪು ಹಿಡಿಯುವ ಕೆಲಸವಿಲ್ಲ.

ಇದಕ್ಕೂ ಮೊದಲು ಓರೆಪಟ್ಟಿ ಹೊಡೆಯಿರಿ. ಕಂಬ, ಅಡ್ಡ ತೊಲೆ ಕೂಡಿಸಿದ ಮೇಲೆ ಒಂದು ಕಂಬ ಹಿಡಿದು ಅಲ್ಲಾಡಿಸಿ ನೋಡಿ, ಇಡೀ ಚೌಕಟ್ಟು ಎಡಕ್ಕೂ ಬಲಕ್ಕೂ ತೂಗುತ್ತದೆ. ಹಿಂಬದಿಗೆ ಕೆಳಗಿನ ಮೂಲೆಯಿಂದ ಮೇಲಿನ ಮೂಲೆಗೆ ಒಂದೇ ಒಂದು ಉದ್ದ ಪಟ್ಟಿ ಹೊರಗಿನಿಂದ ಹೊಡೆದರೆ ತೂಗುವುದು ನಿಲ್ಲುತ್ತದೆ. ಮುಂದೆ ತೆರೆದಿರುವುದರಿಂದ ಮೇಲಿನ ಎರಡು ಮೂಲೆಗೆ ಎರಡೆರಡು ಅಡಿಯ ಓರೆಪಟ್ಟಿ ಹೊಡೆಯಿರಿ.

ಮಾಡಿಗೆ ತಗಡಿನ ಶೀಟು ಸಾಕು. ಮೂರು ಜೋಡಿ ಕಂಬದ ಮೇಲೆ ಮುಂದಿನಿಂದ ಹಿಂದಕ್ಕೆ ಮೂರು ತೊಲೆ, ಅವುಗಳ ಮೇಲೆ ಉದ್ದಕ್ಕೆ ನಾಲ್ಕು ರೀಪು. 6 ಅಡಿಯ ಶೀಟು ಹಾಕಿದರೆ ಮುಂದೆ ಒಂದು ಅಡಿಗೂ ಹೆಚ್ಚು, ಹಿಂದೆ ಅರ್ಧ ಅಡಿ ಸೂರು ಸಿಗುತ್ತದೆ. ಪಕ್ಕಕ್ಕೂ ಅರ್ಧರ್ಧ ಅಡಿ ಚಾಚಿ. ಸ್ಕ್ರೂ ಹಾಕುವುದು ಶೀಟಿನ ಉಬ್ಬಿನ ಮೇಲೆ, ತಗ್ಗಿನಲ್ಲಿ ಅಲ್ಲ. ನೀರು ಹರಿಯುವುದು ತಗ್ಗಿನಲ್ಲಿ ಅಲ್ವಾ? ರಬ್ಬರ್ ವಾಷರ್ ಇರಲೇಬೇಕು. ವಾಷರ್ ಸ್ವಲ್ಪ ಒತ್ತಿಕೊಂಡರೆ ಸಾಕು, ಚಪ್ಪಟೆಯಾಗಿ ಹೊರಗೆ ಬರುವಷ್ಟು ಬಿಗಿದರೆ ಸೀಳಿ ಸೋರುತ್ತದೆ. ಶೀಟಿಗೂ ಸೌದೆ ರಾಶಿಯ ತಲೆಗೂ ನಡುವೆ ಅರ್ಧ ಅಡಿಯಾದರೂ ಬಿಡಿ, ಬಿಸಿಯಾದ ತೇವದ ಗಾಳಿ ಅಲ್ಲಿಂದಲೇ ಹೊರಗೆ ಹೋಗುವುದು. ಶೀಟು ಹಿಡಿಯುವಾಗ ಚರ್ಮದ ಕೈಗವಸು ಹಾಕಿಕೊಳ್ಳಿ. ಗಾಳಿ ಇರುವ ದಿನ ಒಬ್ಬರೇ ಮಾಡಬೇಡಿ.

ಮಳೆಗೆ ಹೆದರಿ ಮುಂದೆ ಟಾರ್ಪಾಲು ಇಳಿಬಿಡುವವರನ್ನು ನೋಡಿದ್ದೇನೆ. ನನ್ನ ಮೊದಲ ಸೌದೆಮನೆಯ ಕಥೆಯೇ ಅದು. ಜೋರು ಮಳೆಯ ಎರಡು ದಿನ ಇಳಿಬಿಡಿ, ಆಮೇಲೆ ಸುತ್ತಿ ಕಟ್ಟಿ.

ಈಗ ಸೌದೆ. ತುಂಬುವ ಮೊದಲೇ ಸೀಳಿಬಿಡಿ. ತೊಗಟೆ ನೀರನ್ನು ಒಳಗೇ ಹಿಡಿದಿಡುತ್ತದೆ. ಸೀಳಿದ ಮೈಯಿಂದ, ಅದಕ್ಕಿಂತ ಹೆಚ್ಚಾಗಿ ಕೊಯ್ದ ತುದಿಗಳಿಂದ ನೀರು ಹೊರಗೆ ಬರುತ್ತದೆ. ಆದ್ದರಿಂದ ತುದಿಗಳು ಮುಂದಕ್ಕೂ ಹಿಂದಕ್ಕೂ, ಗಾಳಿಯ ಕಡೆಗೇ ಇರಲಿ. ಬಿಗಿಯಾಗಿ ತುರುಕಬೇಡಿ. ಎರಡು ತುಂಡಿನ ನಡುವೆ ಇಲಿ ಓಡಾಡಲಿ, ಬೆಕ್ಕು ನುಗ್ಗದಿರಲಿ, ಅಷ್ಟು ಸಂದು ಸಾಕು ಅಂತ ನನಗೆ ಒಟ್ಟಲು ಕಲಿಸಿದ ಅಜ್ಜ ಹೇಳುತ್ತಿದ್ದರು. ಅದಕ್ಕಿಂತ ಒಳ್ಳೆಯ ಅಳತೆ ನನಗೆ ಇನ್ನೂ ಸಿಕ್ಕಿಲ್ಲ.

ನಡುವಿನ ಕಂಬದ ಜೋಡಿಗೂ ಪಟ್ಟಿ ಹೊಡೆದು ಸೌದೆಮನೆಯನ್ನು ಎರಡು ಮಾಡಿಕೊಳ್ಳಿ. ಎಡಗಡೆ ಈ ವರ್ಷ ಉರಿಸುವುದು, ಬಲಗಡೆ ಮುಂದಿನ ವರ್ಷದ್ದು. ಒಂದು ಖಾಲಿಯಾದ ಮೇಲೆ ಹಸಿ ಸೌದೆ ಅಲ್ಲಿಗೆ. ಇಲ್ಲದಿದ್ದರೆ ಹೊಸದು ಮುಂದೆ ಬಂದು ಕೂರುತ್ತದೆ, ಒಣಗಿದ್ದು ಹಿಂದೆ ಉಳಿಯುತ್ತದೆ. ತೆಳ್ಳಗೆ ಸೀಳಿದ ಮೆದು ಮರ ಆರು ತಿಂಗಳಿಗೆ ಒಣಗಬಹುದು. ಗಟ್ಟಿ ಮರಕ್ಕೆ ಒಂದು ವರ್ಷ, ಕೆಲವಕ್ಕೆ ಎರಡು.

ಒಣಗಿದೆಯೋ ಇಲ್ಲವೋ ಅಂತ ತಿಳಿಯಲು ಎರಡು ತುಂಡು ಬಡಿದು ನೋಡಿ. ಹಸಿಯದು ದಬ್ ಅನ್ನುತ್ತದೆ, ಒಣಗಿದ್ದು ಠಣ್ ಅನ್ನುತ್ತದೆ. ತುದಿಯಲ್ಲಿ ನಡುವಿನಿಂದ ಅಂಚಿಗೆ ಬಿರುಕು ಬಿಟ್ಟಿರುತ್ತದೆ. ತೇವ ಅಳೆಯುವ ಸಣ್ಣ ಮೀಟರ್ ಇದ್ದರೆ ತುಂಡನ್ನು ಆಗಲೇ ಸೀಳಿ ಒಳಮೈಗೆ ಚುಚ್ಚಿ. ಹೊರಮೈ ಯಾವಾಗಲೂ ಒಣಗಿದ ಹಾಗೇ ತೋರಿಸುತ್ತದೆ. ಶೇಕಡಾ 20ಕ್ಕಿಂತ ಕಡಿಮೆ ಬಂದರೆ ಒಲೆಗೆ ಹಾಕಬಹುದು. ಹಿಂದಿನ ಸಾಲಿನ ನಡುಭಾಗದಿಂದ ಒಂದು ತುಂಡು ಎಳೆದು ನೋಡುವುದು ಒಳ್ಳೆಯದು, ಎಲ್ಲಕ್ಕಿಂತ ತಡವಾಗಿ ಒಣಗುವುದು ಅಲ್ಲೇ.

ತುಂಬಿ ಮುಗಿದ ದಿನವೇ ಆ ಭಾಗದ ಕಂಬದ ಮೇಲೆ ತಿಂಗಳು, ವರ್ಷ ಬರೆದುಬಿಡಿ. ಸೀಮೆಸುಣ್ಣದಲ್ಲಿ ಬೇಡ, ಇರಚಲಿಗೆ ಅಳಿಸಿ ಹೋಗುತ್ತದೆ. ನಾನು ಬಡಗಿಯ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ. ಒಂದರ ಕೆಳಗೆ ಒಂದರಂತೆ ಆರು ವರ್ಷದ್ದೂ ಅಲ್ಲೇ ಇದೆ.