ಕಾರಿನ ತಲೆಯ ಮೇಲೆ ಕಯಾಕ್: ಕಟ್ಟುವ ಮುಂಚೆ, ಕಟ್ಟುವಾಗ, ಕಟ್ಟಿ ಹೊರಟ ಮೇಲೆ

ಬೆಂಗಳೂರಿನಲ್ಲಿ ಕಯಾಕ್ ಇಟ್ಟುಕೊಂಡವರ ದೋಣಿ ನೀರಿನ ಮೇಲೆ ಇರುವುದಕ್ಕಿಂತ ಹೆಚ್ಚು ಹೊತ್ತು ಕಾರಿನ ಮೇಲೆ ಇರುತ್ತದೆ. ಭೀಮೇಶ್ವರಿಯ ಕಾವೇರಿಗೆ ಸುಮಾರು 100 ಕಿ.ಮೀ., ಕುಂದಾಪುರದ ಹಿನ್ನೀರಿಗೆ 400 ಕಿ.ಮೀ. ಆಸುಪಾಸು, ಎರಡು ತಾಸು ಹುಟ್ಟು ಹಾಕುವುದಕ್ಕಾಗಿ ಹತ್ತು ತಾಸು ರಸ್ತೆ ಸವೆಸುವವರು ನಾವು. ಹಾಗಾಗಿ ಹುಟ್ಟು ಹಾಕುವುದನ್ನು ಕಲಿತಷ್ಟೇ ಶ್ರದ್ಧೆಯಿಂದ ದೋಣಿ ಕಟ್ಟುವುದನ್ನೂ ಕಲಿಯಬೇಕಾಗುತ್ತದೆ. ನಾನು ಕಂಡಂತೆ ದಾರಿಯಲ್ಲಿ ಕೈಕೊಡುವುದು ಸಾಮಾನ್ಯವಾಗಿ ಬೆಲ್ಟ್ ಅಲ್ಲ, ಆ ಬೆಲ್ಟನ್ನು ಯಾವುದಕ್ಕೆ ಕಟ್ಟಿದ್ದೇವೆಯೋ ಅದು. ಆದ್ದರಿಂದ ಹಗ್ಗ ಕೊಳ್ಳುವುದಕ್ಕೆ ಮೊದಲು ಕಾರಿನ ಚಾವಣಿಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು.

ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಚಾವಣಿಯ ಮೇಲೆ ಗರಿಷ್ಠ ಎಷ್ಟು ತೂಕ ಹೇರಬಹುದೆಂಬುದನ್ನು ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಅಲ್ಲಿ 50 ಕೆ.ಜಿ. ಎಂದಿದ್ದರೆ ಅದು ದೋಣಿಗೆ ಮಾತ್ರ ಸಂಬಂಧಿಸಿದ ಲೆಕ್ಕವಲ್ಲ. ಅಡ್ಡಕಂಬಿಗಳು, ದೋಣಿಯನ್ನು ಕೂರಿಸುವ ತೊಟ್ಟಿಲುಗಳು, ಬೆಲ್ಟುಗಳು ಎಲ್ಲವೂ ಆ ಐವತ್ತರೊಳಗೇ ಬರಬೇಕು. ಒಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ 24 ಕೆ.ಜಿ., ಕಂಬಿ ಮತ್ತು ತೊಟ್ಟಿಲು ಸೇರಿ 9 ಕೆ.ಜಿ. ಎಂದಿಟ್ಟುಕೊಂಡರೆ ಒಟ್ಟು 33 ಕೆ.ಜಿ. ಆಯಿತು, ಅಡ್ಡಿಯಿಲ್ಲ. ಅದೇ ಗೆಳೆಯನ ಕಯಾಕನ್ನೂ ಪಕ್ಕದಲ್ಲಿ ಏರಿಸಿದರೆ 57 ಕೆ.ಜಿ. ಆಗಿ ಮಿತಿ ದಾಟಿಹೋಗುತ್ತದೆ. ದೋಣಿಯೊಳಗೆ ನೀರು ಉಳಿದಿದ್ದರೆ ಪ್ರತಿ ಲೀಟರಿಗೂ ಒಂದು ಕೆ.ಜಿ. ಸೇರುತ್ತದೆಂಬುದನ್ನು ಮರೆಯಬಾರದು, ನೀರು ಹೊರಬಿಡುವ ಬಿರಡೆಯನ್ನು ಬಿಚ್ಚಿ, ದೋಣಿಯನ್ನು ಓರೆಯಾಗಿಸಿ, ಕೊನೆಯ ಹನಿಯನ್ನೂ ಚೆಲ್ಲಿದ ಮೇಲೆಯೇ ಎತ್ತಬೇಕು.

ಚಾವಣಿಯ ಇಕ್ಕೆಲಗಳಲ್ಲಿ ಉದ್ದುದ್ದ ರೇಲ್‌ಗಳಿವೆಯೆಂಬ ಮಾತ್ರಕ್ಕೆ ಅವು ಭಾರ ಹೊರುತ್ತವೆಂದು ತಿಳಿಯುವಂತಿಲ್ಲ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಕಾರುಗಳಲ್ಲಿ ಆ ರೇಲ್‌ಗಳು ಅಂದಕ್ಕೆಂದು ಕೂರಿಸಿದ ಪ್ಲಾಸ್ಟಿಕ್ ಪಟ್ಟಿಗಳಷ್ಟೇ. ಕೈಪಿಡಿಯಲ್ಲಿ ಅವುಗಳಿಗೆ ಭಾರದ ಮಿತಿಯನ್ನು ಕೊಟ್ಟಿಲ್ಲದಿದ್ದರೆ, ಅಥವಾ ಅಲಂಕಾರಕ್ಕೆ ಮಾತ್ರ ಎಂದು ಬರೆದಿದ್ದರೆ, ಅವುಗಳಿಗೆ ಕಂಬಿ ಬಿಗಿಯುವ ಆಲೋಚನೆಯನ್ನೇ ಬಿಟ್ಟುಬಿಡಿ. ಹಳೆಯ ಓಮ್ನಿಯಂಥ ಗಾಡಿಗಳಲ್ಲಿ ಮಳೆನೀರು ಹರಿಯಲೆಂದು ಚಾವಣಿಯ ಅಂಚಿನಲ್ಲಿ ತಗಡಿನ ದೋಣಿಯಂಥ ತೋಡು ಇರುತ್ತಿತ್ತು, ಕ್ಯಾರಿಯರ್‌ನ ಕೊಕ್ಕೆಗಳು ಅದನ್ನೇ ಕಚ್ಚಿಕೊಳ್ಳುತ್ತಿದ್ದವು. ಈಗಿನ ಕಾರುಗಳಲ್ಲಿ ಆ ತೋಡಿಲ್ಲ. ಬಾಗಿಲ ಚೌಕಟ್ಟಿಗೆ ಕಚ್ಚಿಕೊಳ್ಳುವ, ಆಯಾ ಮಾದರಿಗೆಂದೇ ತಯಾರಾದ ಕಾಲುಗಳುಳ್ಳ ಕಂಬಿಗಳು ಬೇಕಾಗುತ್ತವೆ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರಿಗೆ ಬೇಕಾದದ್ದೆಲ್ಲ ಸಿಗುತ್ತದೆ ನಿಜ, ಆದರೆ ‘ಎಲ್ಲಾ ಗಾಡಿಗೂ ಸೆಟ್ ಆಗುತ್ತೆ ಸಾರ್’ ಎಂಬ ಮಾತನ್ನು ಈ ಒಂದು ವಸ್ತುವಿನ ವಿಷಯದಲ್ಲಿ ನಂಬಬೇಡಿ. ನಿಮ್ಮ ಕಾರಿನ ಹೆಸರು ಮತ್ತು ವರ್ಷ ಹೇಳಿದಾಗ ಯಾವ ಕಾಲು, ಎಷ್ಟು ಅಗಲ ಎಂದು ಖಚಿತವಾಗಿ ಹೇಳಬಲ್ಲವರಿಂದ ಕೊಳ್ಳಿ; ಬಿಲ್ಲನ್ನೂ, ಕಂಬಿಯ ಭಾರಮಿತಿಯನ್ನು ಬರೆದಿರುವ ಹಾಳೆಯನ್ನೂ ಗಾಡಿಯಲ್ಲಿಯೇ ಇಟ್ಟುಕೊಳ್ಳಿ.

ಕಾಯ್ದೆಯ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ನಿಗೆ 2019ರಲ್ಲಿ ಸೇರಿಸಿದ (1ಎ) ಉಪವಿಧಿಯ ಪ್ರಕಾರ, ಹೇರಿದ ವಸ್ತು ಅನುಮತಿಸಿದ ಮಿತಿಗಿಂತ ಅಕ್ಕಪಕ್ಕಕ್ಕಾಗಲಿ, ಮುಂದಕ್ಕೆ ಹಿಂದಕ್ಕಾಗಲಿ, ಎತ್ತರಕ್ಕಾಗಲಿ ಚಾಚಿಕೊಂಡಿದ್ದರೆ 20,000 ರೂಪಾಯಿ ದಂಡ, ಜೊತೆಗೆ ಆ ಹೊರೆಯನ್ನು ಇಳಿಸುವ ಖರ್ಚಿನ ಹೊಣೆ. ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಕಾರಿನ ಮೇಲೆ ನಾಲ್ಕೂವರೆ ಮೀಟರಿನ ಕಯಾಕ್ ಏರಿಸಿದರೆ ಎರಡು ತುದಿಗಳಲ್ಲಿ ಒಂದಾದರೂ ಹೊರಗೆ ಚಾಚುವುದು ಖಂಡಿತ. ಕಾರು ಚಿಕ್ಕದಾಗಿದ್ದರೆ ಮೂರು ಮೀಟರಿನ ದೋಣಿಯನ್ನೋ, ಡಿಕ್ಕಿಯಲ್ಲಿ ಮಡಚಿಡಬಹುದಾದ ಗಾಳಿ ತುಂಬುವ ಕಯಾಕನ್ನೋ ಆರಿಸಿಕೊಳ್ಳುವುದು ಜಾಣತನವೇ ಹೊರತು ಅಂಜುಬುರುಕುತನವಲ್ಲ. ಹಿಂದಿನ ತುದಿಗೆ ಕೆಂಪು ಬಟ್ಟೆ ಕಟ್ಟುವುದು, ರಾತ್ರಿಯ ಪ್ರಯಾಣಕ್ಕೆ ಬೆಳಕನ್ನು ಪ್ರತಿಫಲಿಸುವ ಪಟ್ಟಿ ಅಂಟಿಸುವುದು ಹಿಂದೆ ಬರುವವರಿಗೆ ಕಾಣಲೆಂದು. ಅದರಿಂದ ಮಿತಿಯೇನೂ ಹಿಗ್ಗುವುದಿಲ್ಲ.

ಎರಡು ಕಂಬಿಗಳ ನಡುವೆ ಕಾರು ಎಷ್ಟು ಅಂತರ ಕೊಡುತ್ತದೆಯೋ ಅಷ್ಟನ್ನೂ ಬಳಸಿಕೊಳ್ಳಿ. ಅಂತರ ಕಡಿಮೆಯಾದಷ್ಟೂ ದೋಣಿ ತಕ್ಕಡಿಯ ದಂಡದಂತೆ ತೂಗಾಡುತ್ತದೆ. ತೊಟ್ಟಿಲುಗಳಿದ್ದರೆ ದೋಣಿಯನ್ನು ಪಕ್ಕಕ್ಕೆ ಮಲಗಿಸಿ ಕೂರಿಸಬಹುದು. ಬರಿಯ ಕಂಬಿಗಳಿದ್ದರೆ ಅವುಗಳಿಗೆ ದಪ್ಪ ಫೋಮ್ ಸುತ್ತಿ, ದೋಣಿಯನ್ನು ಬೋರಲಾಗಿ, ಅಂದರೆ ತಳ ಆಕಾಶ ನೋಡುವಂತೆ ಇಡುವುದು ಮೇಲು. ಪ್ಲಾಸ್ಟಿಕ್ ಕಯಾಕಿನ ತಳ ಅಗಲವಾಗಿ ಚಪ್ಪಟೆಯಾಗಿರುವುದರಿಂದ ಬಿಸಿಲಿಗೆ ಮೆತ್ತಗಾದಾಗ ಕಂಬಿಯ ಒತ್ತಡಕ್ಕೆ ಬೇಗನೆ ತಗ್ಗು ಬೀಳುತ್ತದೆ, ಅಂಚುಗಳು ಅದಕ್ಕಿಂತ ಗಟ್ಟಿ. ಬೋರಲಾಗಿಟ್ಟರೆ ಮಳೆನೀರೂ ಒಳಗೆ ನಿಲ್ಲುವುದಿಲ್ಲ.

ಎತ್ತುವಾಗ ಇಬ್ಬರಿರುವುದು ಒಳ್ಳೆಯದು. ಒಬ್ಬರೇ ಇದ್ದರೆ ಕಾರಿನ ಹಿಂಭಾಗದ ಚಾವಣಿಯ ಅಂಚಿಗೆ ಹಳೆಯ ಯೋಗದ ಚಾಪೆಯನ್ನು ಹಾಸಿ, ದೋಣಿಯ ಮೂತಿಯನ್ನು ಮೊದಲು ಅದರ ಮೇಲೆ ಒರಗಿಸಿ, ಆಮೇಲೆ ಬಾಲದ ಕಡೆಗೆ ಬಂದು ಮೊಣಕಾಲು ಬಗ್ಗಿಸಿ ಎತ್ತಿ ಮುಂದಕ್ಕೆ ನೂಕಬೇಕು. ಹೀಗೆ ಮಾಡಿದರೆ ಒಂದೇ ಬಾರಿಗೆ ಪೂರ್ತಿ ತೂಕ ಸೊಂಟದ ಮೇಲೆ ಬೀಳುವುದಿಲ್ಲ. ಹಿಂದಿನ ಗಾಜಿನ ವೈಪರ್ ಎಲ್ಲಿದೆಯೆಂದು ಮೊದಲೇ ನೋಡಿಕೊಳ್ಳಿ.

ಇನ್ನು ಬೆಲ್ಟ್. ಸುಮಾರು 25 ಮಿ.ಮೀ. ಅಗಲದ, ಹಲ್ಲುಗಳುಳ್ಳ ಬಕಲ್ಲು ಪಟ್ಟಿಯನ್ನು ಕಚ್ಚಿ ಹಿಡಿಯುವ ಬಗೆಯದು ಸಾಕು. ಲಾರಿಗಳಲ್ಲಿ ಬಳಸುವ, ಹಿಡಿ ಆಡಿಸಿ ಬಿಗಿಯುವ ರ್ಯಾಚೆಟ್ ಬೆಲ್ಟು ಹೆಚ್ಚು ಭದ್ರವೆಂದು ಅನ್ನಿಸುವುದು ಸಹಜ. ಆದರೆ ಅದರ ಹಿಡಿ ಎಷ್ಟು ಬಲ ಹಾಕುತ್ತಿದೆಯೆಂಬುದು ಕೈಗೆ ತಿಳಿಯುವುದಿಲ್ಲ, ಇನ್ನೊಂದು ಸಲ ಟಕ್ ಎನ್ನಿಸುವಷ್ಟರಲ್ಲಿ ದೋಣಿಯ ಮೈ ನೆಗ್ಗಿರುತ್ತದೆ. ಬೈಕಿನ ಹಿಂದೆ ಲಗೇಜ್ ಕಟ್ಟುವ ರಬ್ಬರ್ ಹಗ್ಗವಂತೂ ಬೇಡವೇ ಬೇಡ, ಎಳೆದರೆ ಹಿಗ್ಗುವುದೇ ಅದರ ಸ್ವಭಾವ. ಬೆಲ್ಟನ್ನು ದೋಣಿಯ ಮೇಲಿನಿಂದ ಆಚೆ ಬದಿಗೆ ಎಸೆದು, ಆಚೆ ಹೋಗಿ ಅದನ್ನು ಕಂಬಿಯ ಕೆಳಗಿನಿಂದ ತೂರಿಸಿ ಮತ್ತೆ ಈಚೆಗೆ ಎಸೆದು, ಈಚೆ ಬದಿಯ ಕಂಬಿಯ ಕೆಳಗಿನಿಂದ ತಂದು ಬಕಲ್ಲಿಗೆ ಸಿಕ್ಕಿಸಬೇಕು. ಪಟ್ಟಿ ಕಂಬಿಯನ್ನು ಬಳಸುವ ಜಾಗ ಕಂಬಿಯ ಕಾಲಿನ ಒಳಬದಿಯಲ್ಲಿ, ದೋಣಿಯ ಮೈಗೆ ಅಂಟಿದಂತಿರಲಿ. ದೂರವಿದ್ದರೆ ದೋಣಿ ಅಕ್ಕಪಕ್ಕಕ್ಕೆ ಜರುಗುತ್ತದೆ, ಕಾಲಿನ ಹೊರಗಿದ್ದರೆ ಪಟ್ಟಿ ಕಂಬಿಯಿಂದಲೇ ಜಾರಿಬಿಡಬಹುದು. ಬಕಲ್ಲಿನ ಅಡಿಗೆ ಒಂದು ತುಂಡು ಬಟ್ಟೆ ಇಲ್ಲವೆ ರಬ್ಬರ್ ಇಲ್ಲದಿದ್ದರೆ ಬಣ್ಣ ಕೆರೆದುಹೋಗುತ್ತದೆ.

ಎಷ್ಟು ಬಿಗಿಯಬೇಕು ಎಂಬ ಪ್ರಶ್ನೆಗೆ ಕೈಯೇ ಉತ್ತರ ಹೇಳಬೇಕು. ಕಂಬಿಯ ಫೋಮ್ ಕೊಂಚ ಅದುಮಿಕೊಳ್ಳುವಷ್ಟು ಬಿಗಿದು, ದೋಣಿಯ ಮೂತಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಬಲವಾಗಿ ಅಲ್ಲಾಡಿಸಿ. ದೋಣಿಯೊಂದೇ ಅಲ್ಲಾಡಿದರೆ ಸಾಲದು. ದೋಣಿಯ ಜೊತೆ ಕಾರೂ ತನ್ನ ಸ್ಪ್ರಿಂಗುಗಳ ಮೇಲೆ ತೂಗಿದರೆ ಸರಿಯಾಯಿತು. ಗಾಳಿಗೆ ತೆರೆದುಕೊಂಡಿರುವ ಪಟ್ಟಿಗೆ ಒಂದು ತಿರುವು ಹಾಕದಿದ್ದರೆ ನೈಸ್ ರಸ್ತೆಗೆ ಏರಿದ ಕೂಡಲೇ ಅದು ತಂಬೂರಿಯಂತೆ ಝೇಂಕರಿಸಲು ಶುರುಮಾಡುತ್ತದೆ. ಪಟ್ಟಿಯ ಉಳಿದ ತುದಿಯನ್ನು ಕಂಬಿಗೆ ಸುತ್ತಿ ಗಂಟು ಹಾಕಿ. ಅದನ್ನು ಬಾಗಿಲಲ್ಲಿ ಸಿಕ್ಕಿಸಿ ಮುಚ್ಚುವವರಿದ್ದಾರೆ. ಮಳೆ ಬಂದರೆ ಆ ಪಟ್ಟಿಯ ಗುಂಟವೇ ನೀರು ಇಳಿದು ಸೀಟು ತೋಯುತ್ತದೆ.

ಎರಡು ಬೆಲ್ಟು ಬಿಗಿದ ಮೇಲೆ ಹಲವರು ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಮುಂದಿನ ಗಾಜಿಗೆ ಬಡಿದ ಗಾಳಿ ಮೇಲಕ್ಕೆ ಹೊರಳುತ್ತದೆ, ಅದರ ದಾರಿಯಲ್ಲಿಯೇ ದೋಣಿಯ ಮೂತಿ ಚಾಚಿಕೊಂಡಿರುತ್ತದೆ. ವೇಗ ಹೆಚ್ಚಿದಾಗ ಗಾಳಿ ಅದನ್ನು ಎತ್ತಲು ನೋಡುತ್ತದೆ, ಆ ಎತ್ತುವಿಕೆಯೆಲ್ಲ ಮುಂದಿನ ಕಂಬಿಯ ಕಾಲುಗಳ ಮೇಲೆ ಬೀಳುತ್ತದೆ. ಅದಕ್ಕಾಗಿ ಮೂತಿಯಿಂದ ಕಾರಿನ ಮುಂಭಾಗಕ್ಕೂ ಬಾಲದಿಂದ ಹಿಂಭಾಗಕ್ಕೂ ಹಗ್ಗ ಬೇಕು. ಕಾರಿನಲ್ಲಿ ಎಲ್ಲಿಗೆ ಕಟ್ಟುವುದೆಂಬುದೇ ಕಷ್ಟದ ಪ್ರಶ್ನೆ. ನಾನು ಮೊದಲ ವರ್ಷ ಮುಂದಿನ ಜಾಲರಿಯ ಸಂದಿಯಿಂದ ಹಗ್ಗ ತೂರಿಸಿ ಕಟ್ಟಿದ್ದೆ. ಕನಕಪುರ ರಸ್ತೆಯಲ್ಲಿ ಬಣ್ಣ ಬಳಿಯದ ಒಂದು ಉಬ್ಬನ್ನು ಹಾರಿದಾಗ ಟಪ್ಪೆಂದು ಸದ್ದಾಯಿತು, ಇಳಿದು ನೋಡಿದರೆ ಹಗ್ಗವೂ ಗಂಟೂ ಹಾಗೆಯೇ ಇವೆ, ಅದರ ತುದಿಯಲ್ಲಿ ಅಂಗೈಯಗಲದ ಜಾಲರಿಯ ಚೂರು ನೇತಾಡುತ್ತಿದೆ. ಹಗ್ಗ ಗೆದ್ದಿತ್ತು, ಕಾರು ಸೋತಿತ್ತು. ಆಮೇಲಿನಿಂದ ಬಾನೆಟ್ಟಿನ ಒಳಗೆ, ಅಂಚಿನಲ್ಲಿ ತಗಡಿಗೆ ಬಿಗಿದಿರುವ ಎರಡು ಬೋಲ್ಟುಗಳಿಗೆ ದಪ್ಪ ಪಟ್ಟಿಯ ಕುಣಿಕೆಗಳನ್ನು ಹಾಕಿಸಿಕೊಂಡಿದ್ದೇನೆ. ಬೇಕಾದಾಗ ಹೊರಗೆ ತೆಗೆಯುವುದು, ಬೇಡವಾದಾಗ ಒಳಗೆ ಮಡಚುವುದು. ಟೂಲ್ ಕಿಟ್ಟಿನಲ್ಲಿ ಜ್ಯಾಕಿನ ಜೊತೆ ಕೊಟ್ಟಿರುವ ಟೋ ಹುಕ್ಕನ್ನು ಬಂಪರಿನ ಮುಚ್ಚಳ ತೆಗೆದು ತಿರುಗಿಸಿಯೂ ಬಳಸಬಹುದು.

ಈ ಹಗ್ಗಕ್ಕೆ ನೈಲಾನ್‌ಗಿಂತ ಪಾಲಿಯೆಸ್ಟರ್ ಒಳ್ಳೆಯದು, ಏಕೆಂದರೆ ನೈಲಾನ್ ಒದ್ದೆಯಾದಾಗ ಇನ್ನಷ್ಟು ಹಿಗ್ಗುತ್ತದೆ. ಲಾರಿಯವರು ಟಾರ್ಪಾಲು ಬಿಗಿಯುವಾಗ ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಅದರೊಳಗೆ ತೂರಿಸಿ ರಾಟೆಯಂತೆ ಎಳೆಯುತ್ತಾರಲ್ಲ, ಅದೇ ಗಂಟು ಇಲ್ಲಿಗೂ ಸಲ್ಲುತ್ತದೆ. ಕಲಾಸಿಪಾಳ್ಯದಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಬೇರೆ ಗುರು ಬೇಕಿಲ್ಲ. ಆದರೆ ಲಾರಿಯವರಷ್ಟು ಎಳೆಯಬೇಡಿ. ಸಡಿಲ ಹೋಗುವಷ್ಟು ಮಾತ್ರ ಸಾಕು. ಅತಿಯಾಗಿ ಎಳೆದರೆ ಮೂತಿ ಕೆಳಕ್ಕೆ ಬಾಗಿ, ಬೆಲ್ಟುಗಳೇ ಸಡಿಲವಾಗುತ್ತವೆ. ಮಿಕ್ಕ ತುದಿಯನ್ನು ಎಂದೂ ಜೋತುಬಿಡಬಾರದು. ಅದು ಮುಂದಿನ ಚಕ್ರದ ಅಡಿಗೆ ಸಿಕ್ಕಿದರೆ ಚಕ್ರವೇ ಹಗ್ಗವನ್ನು ಎಳೆದುಕೊಂಡು ದೋಣಿಯನ್ನು ಮುರಿದುಹಾಕುತ್ತದೆ.

ಹೊರಡುವ ಮುಂಚೆ ನೆಲದಿಂದ ದೋಣಿಯ ತುತ್ತತುದಿಯವರೆಗೆ ಟೇಪು ಹಿಡಿದು ಅಳೆದು, ಆ ಅಂಕಿಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ. 1.6 ಮೀಟರ್ ಎತ್ತರದ ಕಾರು ಕಂಬಿ, ದೋಣಿ ಸೇರಿ ಸುಲಭವಾಗಿ 2.1 ಮೀಟರ್ ಮುಟ್ಟುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ತೊಲೆ, ಮಾಲ್‌ನ ಪಾರ್ಕಿಂಗ್ ಬಾಗಿಲಿನಲ್ಲಿ ತೂಗುಬಿಟ್ಟ ಕಂಬಿ, ಅಂಡರ್‌ಪಾಸಿನ ಎತ್ತರದ ಫಲಕ ಇವೆಲ್ಲ ಆ ದಿನ ನಿಮಗೆ ಸಂಬಂಧಪಟ್ಟ ವಿಷಯಗಳಾಗುತ್ತವೆ. ಪ್ರತಿದಿನ ನಿರಾಯಾಸವಾಗಿ ನುಗ್ಗುವ ನೆಲಮಾಳಿಗೆಗೆ ದೋಣಿ ಹೊತ್ತ ದಿನವೂ ಅಭ್ಯಾಸಬಲದಿಂದ ನುಗ್ಗುವುದೇ ದೊಡ್ಡ ಅಪಾಯ. ಇನ್ನೊಂದು ನಮ್ಮ ಊರಿಗೇ ವಿಶೇಷವಾದದ್ದು: ಒಳರಸ್ತೆಗಳಲ್ಲಿ ಮರದಿಂದ ಮರಕ್ಕೆ ಎಳೆದು ಜೋತುಬಿಟ್ಟ ಇಂಟರ್ನೆಟ್ ಕೇಬಲ್ಲುಗಳು. ಬಸವನಗುಡಿಯ ಒಂದು ಕ್ರಾಸಿನಲ್ಲಿ ಅಂಥದೊಂದು ಕಪ್ಪು ಕೇಬಲ್ಲು ದೋಣಿಯ ಮೂತಿಯ ಹಿಡಿಕೆಗೆ ಸರಿಯಾಗಿ ಕೊಂಡಿಯಂತೆ ಬಿದ್ದಿತ್ತು. ಪಕ್ಕದಲ್ಲಿ ಕೂತಿದ್ದ ಭಾವಮೈದುನ ‘ನಿಲ್ಸಿ ಭಾವಾ’ ಎಂದು ಕೂಗದಿದ್ದರೆ ಆ ಬೀದಿಯವರ ಶನಿವಾರ ನನ್ನಿಂದ ಹಾಳಾಗುತ್ತಿತ್ತು. ಅಂದಿನಿಂದ ಹಿಡಿಕೆಯನ್ನು ಟೇಪಿನಿಂದ ಸುತ್ತಿ ನುಣುಪು ಮಾಡಿಕೊಳ್ಳುತ್ತೇನೆ, ದಾರಿ ದೂರವಾದರೂ ಅಗಲವಾದ ರಸ್ತೆಯಲ್ಲಿಯೇ ಹೋಗುತ್ತೇನೆ.

ಮನೆಯಿಂದ ಐದಾರು ಕಿ.ಮೀ. ಹೋದ ಮೇಲೆ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಮುಟ್ಟಿ ನೋಡುವುದು ಕಡ್ಡಾಯ. ಮೊದಲ ನಾಲ್ಕು ಉಬ್ಬುಗಳಲ್ಲಿಯೇ ದೋಣಿ ತನ್ನ ಜಾಗ ಹುಡುಕಿಕೊಂಡು ಕೂರುತ್ತದೆ, ಪಟ್ಟಿ ಸಡಿಲವಾಗುತ್ತದೆ. ಹಾಸನದ ದಾರಿಯಲ್ಲಿ ಹೋಗುವವರು ನೆಲಮಂಗಲ ದಾಟಿದ ಮೇಲೆ ಒಮ್ಮೆ, ತಿಂಡಿಗೆ ನಿಂತಲ್ಲೆಲ್ಲ ಒಮ್ಮೆ, ಶಿರಾಡಿ ಘಾಟಿ ಇಳಿಯುವ ಮುಂಚೆ ಸಕಲೇಶಪುರದಲ್ಲಿ ಒಮ್ಮೆ ನೋಡಿಕೊಳ್ಳಲಿ. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗಿ ತಂಪಿಗೆ ಕುಗ್ಗುವುದರಿಂದ, ಮಧ್ಯಾಹ್ನದ ಬಿಸಿಯಲ್ಲಿ ಬಿಗಿಯಾಗಿದ್ದ ಕಟ್ಟು ಘಾಟಿಯ ಸಂಜೆಯ ತಂಪಿನಲ್ಲಿ ಸಡಿಲವಾಗಿರುತ್ತದೆ. ಮಳೆ ಸೇರಿಕೊಂಡರೆ ಇನ್ನೂ ಹೆಚ್ಚು.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಏರಿದರೆ ವೇಗ ಕಾಲುಭಾಗ ಹೆಚ್ಚಿತು, ಒತ್ತಡ ಒಂದೂವರೆ ಪಟ್ಟು ದಾಟಿತು. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ 100ರವರೆಗೆ ಅವಕಾಶವಿದೆಯೆಂದು ದೋಣಿಗೂ ಅದೇ ಮಿತಿ ಎಂದೇನಿಲ್ಲ. ನಾನು 80ನ್ನು ಮೀರುವುದಿಲ್ಲ. ಮೇಲ್ಸೇತುವೆಗಳ ಮೇಲಿನ ಅಡ್ಡಗಾಳಿಗೆ, ಎದುರಿನ ಲಾರಿ ಹಾದುಹೋದಾಗ ಬೀಸುವ ಗಾಳಿಗೆ ಕಾರು ಎಂದಿಗಿಂತ ಹೆಚ್ಚು ಓಲಾಡುತ್ತದೆ, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದಿರಿ. ಬ್ರೇಕ್ ಹಾಕುವ ಅಂತರವನ್ನೂ ಹೆಚ್ಚಿಸಿಕೊಳ್ಳಿ, ಕಾರು ನಿಂತರೂ ದೋಣಿಗೆ ಮುಂದಕ್ಕೆ ಹೋಗುವ ಬಯಕೆ ಉಳಿದಿರುತ್ತದೆ.

ಊಟಕ್ಕೆ ಬಹಳ ಹೊತ್ತು ನಿಲ್ಲುವುದಾದರೆ ನೆರಳಿನಲ್ಲಿ ನಿಲ್ಲಿಸಿ. ನೆರಳಿಲ್ಲದಿದ್ದರೆ ಬೆಲ್ಟನ್ನು ಕೊಂಚ ಸಡಿಲಿಸಿ, ಹೊರಡುವಾಗ ಮತ್ತೆ ಬಿಗಿಯಿರಿ. ಸಡಿಲಿಸಿದ್ದನ್ನು ಮರೆಯುವ ಸ್ವಭಾವದವರು ಕಾರಿನ ಕೀಲಿಗೊಂಚಲಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಕೊಳ್ಳಲಿ, ನಾನು ಹಾಗೆಯೇ ಮಾಡುವುದು.

ಕರಾವಳಿಯಿಂದ ಮರಳಿದ ಮೇಲೆ ಬೆಲ್ಟುಗಳನ್ನೂ ಬಕಲ್ಲುಗಳನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಉಪ್ಪು ಬಕಲ್ಲಿನ ಸ್ಪ್ರಿಂಗನ್ನು ತಿನ್ನುತ್ತದೆ, ಬಿಸಿಲು ಪಟ್ಟಿಯ ನೂಲನ್ನು ತಿನ್ನುತ್ತದೆ. ಅಂಚು ಬಿರಿದ, ಬಣ್ಣ ಮಾಸಿ ಮುಟ್ಟಿದರೆ ಒರಟೆನಿಸುವ ಪಟ್ಟಿಯನ್ನು ಮೂಟೆ ಕಟ್ಟುವುದಕ್ಕೆ ಇಟ್ಟುಕೊಂಡು, ದೋಣಿಗೆ ಹೊಸದನ್ನು ತನ್ನಿ.