ಫೀನಿಕ್ಸ್ ಸುತ್ತಲಿನ ಗಡಸು ನೀರು: ಹೊಸ ಮನೆಗೆ ಯಾವ ವ್ಯವಸ್ಥೆ ಸೂಕ್ತ?

ಅರಿಝೋನಾದ ಫೀನಿಕ್ಸ್, ಚಾಂಡ್ಲರ್, ಗಿಲ್ಬರ್ಟ್, ಟೆಂಪಿ ಊರುಗಳಿಗೆ ಹೊಸದಾಗಿ ಬಂದ ನಮ್ಮವರು ಮೊದಲ ಒಂದೆರಡು ತಿಂಗಳಲ್ಲೇ ಕೇಳುವ ಪ್ರಶ್ನೆಗಳಲ್ಲಿ ನೀರಿನದೂ ಒಂದು. ಇಡ್ಲಿ ಪಾತ್ರೆಯ ತಳದಲ್ಲಿ ನೀರು ಇಂಗಿದ ಜಾಗದಲ್ಲೆಲ್ಲ ಬಿಳಿಯ ಪದರ ಕಟ್ಟುತ್ತದೆ, ಶವರಿನ ಗಾಜು ಎಷ್ಟು ಒರೆಸಿದರೂ ಮಸುಕಾಗಿಯೇ ಉಳಿಯುತ್ತದೆ, ತಲೆಗೂದಲು ಒರಟಾಗುತ್ತದೆ, ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚು ಕೂಗಿಸಿದರೂ ಕಡಲೆಕಾಳು ಗಟ್ಟಿಯಾಗಿಯೇ ಇರುತ್ತದೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಬಡಾವಣೆಯಲ್ಲಿದ್ದವರಿಗೆ ಇದು ಹೊಸ ಅನುಭವ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದವರಿಗೆ ಹಳೆಯ ಪರಿಚಯ.

ಇಲ್ಲಿನ ನಲ್ಲಿ ನೀರಿನ ಬಹುಪಾಲು ಕೊಲರಾಡೋ ನದಿಯಿಂದ ಉದ್ದದ ಕಾಲುವೆಯಲ್ಲಿಯೂ ಸಾಲ್ಟ್ ಮತ್ತು ವರ್ಡಿ ನದಿಗಳ ಜಲಾಶಯಗಳಿಂದಲೂ ಬರುತ್ತದೆ, ಉಳಿದದ್ದು ಕೊಳವೆಬಾವಿಗಳದು. ಸುಣ್ಣಕಲ್ಲು ಮತ್ತು ಜಿಪ್ಸಮ್ ಇರುವ ನೆಲದ ಮೇಲೆ ಹರಿದು, ಬಿರುಬಿಸಿಲಿನಲ್ಲಿ ಒಂದು ಪಾಲು ಆವಿಯಾಗಿ ಬರುವ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಿರುವುದು ಸಹಜ. ಅಮೆರಿಕದಲ್ಲಿ ಗಡಸುತನವನ್ನು ಗ್ಯಾಲನ್‌ಗೆ ಇಷ್ಟು ಗ್ರೇನ್ ಎಂದು ಅಳೆಯುತ್ತಾರೆ. ಗ್ರೇನ್ ಒಂದು ಸಣ್ಣ ತೂಕ; ಗ್ಯಾಲನ್ನಿಗೆ ಒಂದು ಗ್ರೇನ್ ಎಂದರೆ ಲೀಟರಿಗೆ ಸುಮಾರು 17.1 ಮಿಲಿಗ್ರಾಂ. ಲೀಟರಿಗೆ 180 ಮಿಲಿಗ್ರಾಂ ದಾಟಿದ ನೀರನ್ನು, ಅಂದರೆ ಹತ್ತೂವರೆ ಗ್ರೇನ್‌ಗಿಂತ ಮೇಲಿನದನ್ನು, ಅತಿ ಗಡಸು ಎಂದು ವರ್ಗೀಕರಿಸಲಾಗಿದೆ. ಇಲ್ಲಿ ಊರನ್ನೂ ಋತುವನ್ನೂ ಅನುಸರಿಸಿ ಅಳತೆ ಬದಲಾಗುತ್ತದೆಯಾದರೂ ಹದಿನೈದು ಗ್ರೇನ್ ಆಸುಪಾಸು ಎಂದಿಟ್ಟುಕೊಂಡರೆ ಲೆಕ್ಕ ಬಹಳ ತಪ್ಪುವುದಿಲ್ಲ.

ಮೊದಲು ಒಂದು ಭಯವನ್ನು ದೂರ ಮಾಡಬೇಕು. ಗಡಸು ನೀರು ಕುಡಿಯುವುದರಿಂದ ಆರೋಗ್ಯ ಕೆಡುತ್ತದೆ ಎಂದು ಹೇಳಿ ಯಂತ್ರ ಮಾರುವವರನ್ನು ನಂಬಬೇಡಿ. ಗಡಸುತನಕ್ಕೆ ಇಲ್ಲಿನ ಕೇಂದ್ರ ಪರಿಸರ ಇಲಾಖೆಯು ಕಡ್ಡಾಯ ಮಿತಿಯನ್ನೇ ವಿಧಿಸಿಲ್ಲ. ನೀರನ್ನು ಮೆದು ಮಾಡಿಸಬೇಕಾದದ್ದು ವಾಟರ್ ಹೀಟರ್, ಪಾತ್ರೆ ತೊಳೆಯುವ ಯಂತ್ರ ಮತ್ತು ನಲ್ಲಿಗಳ ಬಾಳಿಕೆಗಾಗಿ, ಸೋಪಿನ ಖರ್ಚು ತಗ್ಗಿಸುವುದಕ್ಕಾಗಿ, ಮೈ ಮತ್ತು ಕೂದಲಿನ ಹಿತಕ್ಕಾಗಿ. ನಮ್ಮ ಅಡುಗೆಗೂ ಇದರಿಂದ ಪ್ರಯೋಜನವಿದೆ. ನೀರಿನ ಕ್ಯಾಲ್ಸಿಯಂ ಕಾಳಿನ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಜೊತೆ ಸೇರಿ ಅದನ್ನು ಕರಗಲು ಬಿಡುವುದಿಲ್ಲವಾದ್ದರಿಂದ ಬೇಳೆಕಾಳು ಬೇಯುವುದು ತಡವಾಗುತ್ತದೆ.

ಹೊಸಬರಲ್ಲಿ ಅತಿ ಹೆಚ್ಚು ಗೊಂದಲವಿರುವುದು ಆರ್‌ಒ ಮತ್ತು ಸಾಫ್ಟನರ್ ನಡುವೆ. ಊರಿನಲ್ಲಿ ಅಡುಗೆಮನೆಯ ಗೋಡೆಗೆ ಆರ್‌ಒ ಹಾಕಿಸಿ ರೂಢಿಯಿರುವುದರಿಂದ ಇಲ್ಲಿಯೂ ಅದೊಂದು ಸಾಕು ಎಂದು ಭಾವಿಸುತ್ತೇವೆ. ಸಿಂಕಿನ ಕೆಳಗೆ ಕೂರುವ ಆರ್‌ಒ ಕುಡಿಯುವ ಮತ್ತು ಅಡುಗೆಯ ನೀರನ್ನಷ್ಟೇ ಶುದ್ಧಗೊಳಿಸುತ್ತದೆ. ಸ್ನಾನ, ಬಟ್ಟೆ, ವಾಟರ್ ಹೀಟರಿನ ಗೊಡವೆಗೆ ಅದು ಹೋಗುವುದಿಲ್ಲ. ಸಾಫ್ಟನರ್ ಇಡೀ ಮನೆಯ ನೀರಿನಿಂದ ಗಡಸುತನವನ್ನು ತೆಗೆಯುತ್ತದೆ, ಆದರೆ ನೀರಿನಲ್ಲಿ ಕರಗಿರುವ ಉಳಿದ ಲವಣಗಳನ್ನು ಹಾಗೆಯೇ ಬಿಡುತ್ತದೆ. ಸಾಫ್ಟನರಿನ ತೊಟ್ಟಿಯಲ್ಲಿ ರೆಸಿನ್ ಎಂಬ ಸಣ್ಣ ಮಣಿಗಳಿರುತ್ತವೆ. ನೀರು ಅವುಗಳ ಮೂಲಕ ಹಾಯುವಾಗ ಮಣಿಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದ ಮೇಲೆ ಪಕ್ಕದ ತೊಟ್ಟಿಯ ಉಪ್ಪುನೀರಿನಿಂದ ಅವನ್ನು ತೊಳೆದು ಮತ್ತೆ ಸಿದ್ಧಪಡಿಸುವ ಕ್ರಿಯೆಗೆ ರೀಜನರೇಷನ್ ಎನ್ನುತ್ತಾರೆ.

ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿರುವವರಿಗೆ ನನ್ನ ಸಲಹೆ ಚಿಕ್ಕದು: ದೊಡ್ಡ ವ್ಯವಸ್ಥೆಯ ಯೋಚನೆ ಬೇಡ. ಕುಡಿಯಲು ಮತ್ತು ಬೇಳೆ ಬೇಯಿಸಲು ಪೈಪಿಗೆ ಕೈಹಚ್ಚದೆ ಕಟ್ಟೆಯ ಮೇಲಿಡುವ ಸಣ್ಣ ಆರ್‌ಒ ಸಾಕು, ಪಾತ್ರೆಗಳ ಬಿಳಿ ಪದರಕ್ಕೆ ಬಿಳಿ ವಿನೆಗರ್ ಸಾಕು. ಗಡಸುತನ ತೆಗೆಯುತ್ತದೆಂದು ಮಾರುವ ಶವರ್ ಫಿಲ್ಟರುಗಳಿಗೆ ಹಣ ಸುರಿಯಬೇಡಿ. ಅವು ಕ್ಲೋರಿನ್ ಅಂಶವನ್ನು ಸ್ವಲ್ಪ ತಗ್ಗಿಸಬಹುದು, ಗಡಸುತನವನ್ನು ತೆಗೆಯುವಷ್ಟು ರೆಸಿನ್ ಆ ಅಂಗೈಯಗಲದ ಡಬ್ಬಿಯಲ್ಲಿ ಹಿಡಿಸುವುದಿಲ್ಲ.

ಸ್ವಂತ ಮನೆ ಕೊಳ್ಳುವವರು ಮನೆ ನೋಡಲು ಹೋದಾಗಲೇ ಗ್ಯಾರೇಜಿನ ಗೋಡೆಯನ್ನು ಗಮನಿಸಬೇಕು. ಇಲ್ಲಿನ ಬಹಳಷ್ಟು ಮನೆಗಳಲ್ಲಿ ಗೋಡೆಯಿಂದ ಹೊರಬಂದು ಬಾಗಿ ಮತ್ತೆ ಒಳಹೋಗುವ ಒಂದು ಪೈಪು ಕಾಣುತ್ತದೆ, ಅದಕ್ಕೆ ಸಾಫ್ಟ್ ವಾಟರ್ ಲೂಪ್ ಎನ್ನುತ್ತಾರೆ. ಆ ಪೈಪನ್ನು ಕತ್ತರಿಸಿ ಸಾಫ್ಟನರನ್ನು ಅಲ್ಲಿಯೇ ಜೋಡಿಸುತ್ತಾರೆ. ಲೂಪ್ ಇದ್ದರೆ ಅಂಗಳದ ನಲ್ಲಿಗಳ ನೀರು ಸಾಮಾನ್ಯವಾಗಿ ಬೇರೆಯೇ ಉಳಿಯುತ್ತದೆ, ಅಳವಡಿಕೆಯ ಕೂಲಿಯೂ ಕಡಿಮೆಯಾಗುತ್ತದೆ. ಇಲ್ಲದಿದ್ದರೆ ಗೋಡೆ ಒಡೆಯಿಸಿ ಪೈಪು ತಿರುಗಿಸಬೇಕಾದ ಖರ್ಚನ್ನು ಮನೆಯ ಬೆಲೆ ಮಾತನಾಡುವಾಗಲೇ ಎಣಿಸಿಕೊಳ್ಳಿ.

ಯಂತ್ರ ಆರಿಸುವ ಮೊದಲು ನಿಮ್ಮ ಮನೆಯ ನೀರನ್ನು ನೀವೇ ಪರೀಕ್ಷಿಸಿ. ನೀರು ಪೂರೈಸುವ ಸಂಸ್ಥೆಯು ಪ್ರತಿವರ್ಷ ಜುಲೈ 1ರೊಳಗೆ ಗ್ರಾಹಕರಿಗೆ ನೀರಿನ ಗುಣಮಟ್ಟದ ವರದಿಯನ್ನು ಕೊಡಬೇಕೆಂಬ ನಿಯಮವಿದೆ, ಅನೇಕ ಊರುಗಳ ವರದಿಯಲ್ಲಿ ಗಡಸುತನದ ಅಂಕಿಯೂ ಇರುತ್ತದೆ. ಅದಕ್ಕಿಂತ ನಿಖರವಾದದ್ದು ಹನಿ ಎಣಿಸುವ ಕಿಟ್. ಪುಟ್ಟ ಸೀಸೆಯಲ್ಲಿ ಗುರುತಿನವರೆಗೆ ನೀರು ತುಂಬಿ, ಬಣ್ಣದ ರಾಸಾಯನಿಕ ಬೆರೆಸಿದಾಗ ನೀರು ಕೆಂಪಾಗುತ್ತದೆ. ಬಳಿಕ ಇನ್ನೊಂದು ದ್ರಾವಣವನ್ನು ಒಂದೊಂದೇ ಹನಿ ಹಾಕಿ ಕುಲುಕುತ್ತ ಹೋದರೆ ಕೆಂಪು ನೇರಳೆಯಾಗಿ, ಒಂದು ಹನಿಯಲ್ಲಿ ಥಟ್ಟನೆ ನೀಲಿಯಾಗುತ್ತದೆ. ಸಾಮಾನ್ಯ ಕಿಟ್ಟಿನಲ್ಲಿ ಒಂದು ಹನಿಗೆ ಒಂದು ಗ್ರೇನ್. ನೀರಿನಲ್ಲಿ ಕರಗಿರುವ ಒಟ್ಟು ಲವಣವನ್ನು ತೋರಿಸುವ ಟಿಡಿಎಸ್ ಮೀಟರನ್ನು ಈ ಕೆಲಸಕ್ಕೆ ಬಳಸಬೇಡಿ. ಸಾಫ್ಟನರ್ ಒಂದು ಲವಣದ ಜಾಗದಲ್ಲಿ ಇನ್ನೊಂದನ್ನು ಇಡುವುದರಿಂದ ನೀರು ಪೂರ್ತಿ ಮೆದುವಾದ ಮೇಲೂ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅದನ್ನು ನೋಡಿ ಯಂತ್ರ ಕೆಟ್ಟಿದೆಯೆಂದು ತಿಳಿದವರುಂಟು.

ಇನ್ನು ಯಂತ್ರದ ಗಾತ್ರ. ಇದರ ಲೆಕ್ಕವನ್ನು ಮಾರಾಟಗಾರರಿಗೆ ಬಿಡದೆ ನಾವೇ ಮಾಡಿಕೊಳ್ಳಬೇಕು, ಏಕೆಂದರೆ ಹಣ ಪೋಲಾಗುವುದು ಹೆಚ್ಚಾಗಿ ಇಲ್ಲಿಯೇ. ಒಬ್ಬರಿಗೆ ದಿನಕ್ಕೆ 75 ಗ್ಯಾಲನ್ ಎಂದು ಹಿಡಿಯುವುದು ವಾಡಿಕೆ. ನಾಲ್ವರ ಕುಟುಂಬಕ್ಕೆ 300 ಗ್ಯಾಲನ್, ನೀರು 15 ಗ್ರೇನ್ ಆದರೆ ದಿನಕ್ಕೆ 4,500 ಗ್ರೇನ್, ವಾರಕ್ಕೆ 31,500. ಹಾಗಾದರೆ 32,000 ಗ್ರೇನ್ ಎಂದು, ಅಂದರೆ ಒಮ್ಮೆ ತೊಳೆದ ಮೇಲೆ ಅಷ್ಟು ಗಡಸುತನ ಹಿಡಿಯುತ್ತದೆಂದು, ಬರೆದ ಯಂತ್ರ ಸಾಕಲ್ಲವೇ ಎಂದು ತೋರುತ್ತದೆ, ಆದರೆ ಪೆಟ್ಟಿಗೆಯ ಮೇಲಿನ ಆ ಅಂಕಿ ಗರಿಷ್ಠ ಪ್ರಮಾಣದ ಉಪ್ಪು ಸುರಿದಾಗ ಮಾತ್ರ ದೊರೆಯುವಂಥದು. ಒಂದು ಘನ ಅಡಿ ರೆಸಿನ್‌ಗೆ 15 ಪೌಂಡ್ ಉಪ್ಪು ಬಳಸಿದರೆ ಸುಮಾರು 30,000 ಗ್ರೇನ್ ಸಾಮರ್ಥ್ಯ ಸಿಗುತ್ತದೆ. 6 ಪೌಂಡ್ ಮಾತ್ರ ಬಳಸಿದರೂ ಸುಮಾರು 20,000 ಸಿಗುತ್ತದೆ. ಉಪ್ಪು ಎರಡೂವರೆ ಪಟ್ಟಾದರೂ ಫಲ ಹೆಚ್ಚುವುದು ಒಂದೂವರೆ ಪಟ್ಟು ಮಾತ್ರ. ಆದ್ದರಿಂದ ಒಂದೂವರೆ ಘನ ಅಡಿ ರೆಸಿನ್ ಇರುವ, ಸಾಮಾನ್ಯವಾಗಿ 48,000 ಗ್ರೇನ್ ಎಂದು ಮಾರಾಟವಾಗುವ ಯಂತ್ರವನ್ನು ಕೊಂಡು, ಪ್ರತಿ ರೀಜನರೇಷನ್‌ಗೆ 9 ಪೌಂಡ್ ಉಪ್ಪು ನಿಗದಿಪಡಿಸಿದರೆ ಸುಮಾರು 30,000 ಗ್ರೇನ್ ಸಿಕ್ಕಿ, ಆರೇಳು ದಿನಕ್ಕೊಮ್ಮೆ ತೊಳೆದುಕೊಂಡು, 40 ಪೌಂಡಿನ ಒಂದು ಚೀಲ ಹತ್ತಿರಹತ್ತಿರ ಒಂದು ತಿಂಗಳು ಬರುತ್ತದೆ. ಮಾರಾಟಗಾರರು ಗ್ರೇನ್ ಅಂಕಿಯನ್ನಷ್ಟೇ ಹೇಳಿದರೆ, ರೆಸಿನ್ ಎಷ್ಟು ಘನ ಅಡಿ ಎಂದು ಕೇಳಿ ಬರೆಸಿಕೊಳ್ಳಿ.

ನಿಯಂತ್ರಕದಲ್ಲಿ ಎರಡು ಬಗೆ. ಗೊತ್ತುಪಡಿಸಿದ ದಿನಕ್ಕೆ ತೊಳೆದುಕೊಳ್ಳುವುದು ಒಂದು, ಬಳಸಿದ ನೀರನ್ನು ಅಳೆದು ಅಗತ್ಯ ಬಿದ್ದಾಗ ಮಾತ್ರ ತೊಳೆದುಕೊಳ್ಳುವುದು ಇನ್ನೊಂದು. ನಮ್ಮಂಥವರ ಮನೆಗೆ ಎರಡನೆಯದೇ ಸರಿ. ಊರಿನಿಂದ ಅಪ್ಪ ಅಮ್ಮ ಅಥವಾ ಅತ್ತೆ ಮಾವ ಬಂದು ಐದಾರು ತಿಂಗಳು ಇದ್ದಾಗ ನೀರಿನ ಬಳಕೆ ಹೆಚ್ಚುತ್ತದೆ, ನಾವೇ ಊರಿಗೆ ಹೋಗಿ ಒಂದು ತಿಂಗಳು ಮನೆ ಮುಚ್ಚಿದಾಗ ಬಳಕೆಯೇ ಇರುವುದಿಲ್ಲ. ಅಳೆಯುವ ಯಂತ್ರ ಎರಡಕ್ಕೂ ಹೊಂದಿಕೊಳ್ಳುತ್ತದೆ.

ಉಪ್ಪು ಬೇಡದ ಕಂಡಿಷನರುಗಳ ಬಗ್ಗೆಯೂ ವಿಚಾರಿಸುತ್ತಾರೆ. ಅವುಗಳಲ್ಲಿ ಒಂದು ಬಗೆ ಕ್ಯಾಲ್ಸಿಯಂ ಅನ್ನು ಸೂಕ್ಷ್ಮ ಹರಳುಗಳಾಗಿಸಿ ಪೈಪು ಮತ್ತು ಹೀಟರಿಗೆ ಗಟ್ಟಿಯಾಗಿ ಅಂಟಿಕೊಳ್ಳದಂತೆ ಮಾಡುತ್ತದೆ, ಆ ಮಟ್ಟಿಗೆ ಉಪಯುಕ್ತವೇ. ಆದರೆ ಗಡಸುತನ ನೀರಿನಲ್ಲೇ ಉಳಿಯುವುದರಿಂದ ಸೋಪಿನ ನೊರೆ, ಗಾಜಿನ ಕಲೆ, ಬೇಳೆ ಬೇಯುವ ಸಮಯ ಯಾವುದೂ ಹೆಚ್ಚು ಬದಲಾಗುವುದಿಲ್ಲ. ಪೈಪಿನ ಹೊರಗೆ ಆಯಸ್ಕಾಂತ ಕಟ್ಟುವ ಸಾಧನಗಳನ್ನು ನಾನು ಯಾರಿಗೂ ಶಿಫಾರಸು ಮಾಡುವುದಿಲ್ಲ.

ಹಿರಿಯರಿರುವ ಮನೆಯಲ್ಲಿ ಸೋಡಿಯಂ ವಿಷಯವನ್ನು ನಿರ್ಲಕ್ಷಿಸಬಾರದು. ಹದಿನೈದು ಗ್ರೇನ್ ನೀರು ಮೆದುವಾದಾಗ ಪ್ರತಿ ಲೀಟರಿಗೆ ಸುಮಾರು 120 ಮಿಲಿಗ್ರಾಂ ಸೋಡಿಯಂ ಹೆಚ್ಚುವರಿಯಾಗಿ ಸೇರುತ್ತದೆ. ಆರೋಗ್ಯವಂತರಿಗೆ ಅದು ಊಟದ ಉಪ್ಪಿನ ಮುಂದೆ ಸಣ್ಣ ಪಾಲು, ಆದರೆ ರಕ್ತದೊತ್ತಡಕ್ಕಾಗಿ ಉಪ್ಪು ತೂಗಿ ತಿನ್ನುವವರಿಗೆ ಹಾಗಲ್ಲ. ಕುಡಿಯುವ ನೀರಿಗೆ ಆರ್‌ಒ ಸೇರಿಸಿದರೆ ಈ ಸೋಡಿಯಂನ ಬಹುಪಾಲು ಹೋಗುತ್ತದೆ, ಮೆದು ನೀರು ಒಳಬರುವುದರಿಂದ ಆರ್‌ಒ ಪೊರೆಯೂ ಹೆಚ್ಚು ಕಾಲ ಬಾಳುತ್ತದೆ. ಸ್ವಂತ ಮನೆಯವರಿಗೆ ನಾನು ಸೂಚಿಸುವುದು ಈ ಜೋಡಿಯನ್ನೇ. ಸೋಡಿಯಂ ಬದಲು ಪೊಟಾಸಿಯಂ ಕ್ಲೋರೈಡ್ ಚೀಲಗಳೂ ಸಿಗುತ್ತವೆ, ಬೆಲೆ ಹೆಚ್ಚು. ಮೂತ್ರಪಿಂಡದ ತೊಂದರೆಯಿರುವವರು ಅಥವಾ ರಕ್ತದೊತ್ತಡದ ಕೆಲವು ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳದೆ ಅದಕ್ಕೆ ಬದಲಾಯಿಸಬೇಡಿ. ತುಳಸಿ ಮತ್ತು ಕರಿಬೇವಿನ ಕುಂಡಗಳಿಗೆ ಮೆದು ನೀರು ಹಾಕದೆ ಅಂಗಳದ ನಲ್ಲಿಯ ನೀರನ್ನೇ ಹಾಕಿ.

ಮನೆ ಕೊಂಡ ಕೆಲವೇ ವಾರಗಳಲ್ಲಿ ಉಚಿತ ನೀರು ಪರೀಕ್ಷೆ ಮಾಡಿಕೊಡುತ್ತೇವೆಂದು ಜನ ಬಾಗಿಲಿಗೆ ಬರುತ್ತಾರೆ. ಎರಡು ಲೋಹದ ಕಡ್ಡಿಗಳನ್ನು ಲೋಟದಲ್ಲಿ ಅದ್ದಿ ವಿದ್ಯುತ್ ಹಾಯಿಸಿ ನೀರು ಕಂದಾಗುವುದನ್ನು ತೋರಿಸಿದರೆ ಬೆದರಬೇಡಿ. ಆ ಕೊಳೆ ನೀರಿನದಲ್ಲ, ಕರಗಿದ ಕಬ್ಬಿಣದ ಕಡ್ಡಿಯದು. ಅವಸರದಲ್ಲಿ ಸಹಿ ಹಾಕಿದ್ದರೂ ದಾರಿಯಿದೆ: ಮನೆಗೆ ಬಂದು 25 ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಿದ ವಸ್ತುವಿನ ಒಪ್ಪಂದವನ್ನು ಮೂರನೆಯ ವ್ಯವಹಾರ ದಿನದ ಮಧ್ಯರಾತ್ರಿಯೊಳಗೆ ರದ್ದುಪಡಿಸುವ ಹಕ್ಕನ್ನು ಕೇಂದ್ರ ವಾಣಿಜ್ಯ ಆಯೋಗದ ನಿಯಮ ಕೊಟ್ಟಿದೆ. ಅಳವಡಿಸುವವರ ಪರವಾನಗಿಯನ್ನು ಅರಿಝೋನಾದ ರಿಜಿಸ್ಟ್ರಾರ್ ಆಫ್ ಕಾಂಟ್ರಾಕ್ಟರ್ಸ್ ಜಾಲತಾಣದಲ್ಲಿ ನೋಡಬಹುದು. ಸಾಫ್ಟನರಿಗೆ ಎನ್‌ಎಸ್‌ಎಫ್ 44, ಆರ್‌ಒಗೆ ಎನ್‌ಎಸ್‌ಎಫ್ 58 ಎಂಬ ಗುಣಮಟ್ಟದ ಪ್ರಮಾಣೀಕರಣವಿದೆಯೇ ಎಂದು ವಿಚಾರಿಸಿ, ಮೂರು ಕಡೆಯಿಂದ ಲಿಖಿತ ದರ ತರಿಸಿಕೊಳ್ಳಿ. ಯಂತ್ರವನ್ನು ತಿಂಗಳ ಬಾಡಿಗೆಗೆ ಪಡೆಯುವ ಒಪ್ಪಂದವಾದರೆ ಮನೆ ಮಾರುವಾಗ ಅದೇನಾಗುತ್ತದೆ ಎಂಬ ಷರತ್ತನ್ನು ಓದದೆ ಒಪ್ಪಬೇಡಿ.

ಉಪ್ಪನ್ನು ಮಿತವಾಗಿ ಬಳಸಬೇಕೆಂದು ನಾನು ಒತ್ತಿ ಹೇಳುವುದು ಹಣದ ದೃಷ್ಟಿಯಿಂದ ಮಾತ್ರವಲ್ಲ. ನಾವು ಚರಂಡಿಗೆ ಬಿಡುವ ಉಪ್ಪು ಕೊಳಚೆನೀರಿನ ಸಂಸ್ಕರಣೆಯಲ್ಲಿ ಮಾಯವಾಗುವುದಿಲ್ಲ. ಈ ಮರುಭೂಮಿಯಲ್ಲಿ ಸಂಸ್ಕರಿಸಿದ ನೀರನ್ನು ಮತ್ತೆ ಬಳಸುತ್ತಾರೆ, ಫೀನಿಕ್ಸ್‌ನ ಪಶ್ಚಿಮಕ್ಕಿರುವ ಪಾಲೋ ವರ್ಡಿ ಪರಮಾಣು ವಿದ್ಯುತ್ ಸ್ಥಾವರವೂ ತನ್ನ ಯಂತ್ರಗಳನ್ನು ತಂಪುಗೊಳಿಸಲು ಅದನ್ನೇ ಅವಲಂಬಿಸಿದೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾ ಕಣಿವೆಯಲ್ಲಿ ಇದೇ ಉಪ್ಪಿನ ಕಾರಣಕ್ಕೆ ತಾವೇ ತೊಳೆದುಕೊಳ್ಳುವ ಸಾಫ್ಟನರುಗಳನ್ನು 2008ರ ಮತದಾನದ ಮೂಲಕ ನಿಷೇಧಿಸಿದರು. ಅಲ್ಲಿಗೆ ವರ್ಗವಾಗುವವರು ಯಂತ್ರವನ್ನು ಲಾರಿಗೆ ಏರಿಸುವ ಮೊದಲು ಆ ಊರಿನ ನಿಯಮ ತಿಳಿದುಕೊಳ್ಳಬೇಕು.

ಅಳವಡಿಸಿದ ದಿನ, ಕೆಲಸದವರು ಹೊರಡುವ ಮೊದಲೇ, ನಿಮ್ಮ ಹನಿ ಕಿಟ್ ಹೊರತೆಗೆಯಿರಿ. ಸ್ನಾನದ ಮನೆಯ ನೀರು ಮೊದಲ ಹನಿಗೇ ನೀಲಿಯಾಗಬೇಕು, ಅಂಗಳದ ನಲ್ಲಿಯದಕ್ಕೆ ಮೊದಲಿನಷ್ಟೇ ಹನಿಗಳು ಬೇಕಾಗಬೇಕು. ನಿಯಂತ್ರಕದಲ್ಲಿ ನಿಮ್ಮ ಗ್ರೇನ್ ಅಂಕಿಯನ್ನೂ ಉಪ್ಪಿನ ಪ್ರಮಾಣವನ್ನೂ ನಿಮ್ಮೆದುರಿಗೇ ತುಂಬಿಸಿ, ಯಂತ್ರವನ್ನು ಬಿಟ್ಟು ನೀರನ್ನು ನೇರವಾಗಿ ಹರಿಸುವ ಬೈಪಾಸ್ ಕವಾಟ ಯಾವುದೆಂದು ತೋರಿಸಿಕೊಳ್ಳಿ. ಮೊದಲ ವಾರ ಸ್ನಾನ ಮಾಡಿದಾಗ ಸೋಪು ಹೋಗಲೇ ಇಲ್ಲವೆಂಬಂತೆ ಮೈ ಜಾರುತ್ತದೆ. ಅದು ದೋಷವಲ್ಲ, ಮೈಗೆ ಅಂಟುತ್ತಿದ್ದ ಸೋಪಿನ ಗಸಿ ಈಗಿಲ್ಲ ಎಂಬುದರ ಗುರುತು. ಸೋಪು, ಶಾಂಪೂ, ಬಟ್ಟೆಯ ಪುಡಿ ಎಲ್ಲವನ್ನೂ ಅರ್ಧಕ್ಕೆ ಇಳಿಸಿ ನೋಡಿ.