ಕನ್ನಡಕದ ನಂಬರ್ ಬೇಗ ಇಳಿದರೆ

ನಾನು ಮಕ್ಕಳ ಕಣ್ಣಿನ ಡಾಕ್ಟರ್. ಗದಗ ಕಡೆಯ ಒಂದು ಮಗುವಿಗೆ 8 ವಾರ ತುಂಬಿದಾಗ ಎರಡೂ ಕಣ್ಣಿನ ಪೊರೆ ತೆಗೆದಿದ್ದೆ. ಇನ್ನೂ ತಡ ಮಾಡಿದ್ದರೆ ದೃಷ್ಟಿ ಬೆಳೆಯುತ್ತಿರಲಿಲ್ಲ. ಆದರೆ ಇಷ್ಟು ಬೇಗ ಆಪರೇಷನ್ ಆದ ಕಣ್ಣಿಗೆ ಗ್ಲಾಕೋಮಾ, ಅಂದರೆ ಒಳಗಿನ ಒತ್ತಡ ಏರಿ ಕಣ್ಣಿನ ನರ ಹಾಳಾಗುವ ಕಾಯಿಲೆ, ಬರುವ ಸಾಧ್ಯತೆ ಜಾಸ್ತಿ. ಅಷ್ಟು ಚಿಕ್ಕ ಕಣ್ಣಿಗೆ ಲೆನ್ಸ್ ಹಾಕಿರಲಿಲ್ಲ, ದಪ್ಪ ಕನ್ನಡಕ ಕೊಟ್ಟಿದ್ದೆ.

ಸುಗ್ಗಿ ಅಂತ ಐದು ತಿಂಗಳು ಅವರು ಬರಲಿಲ್ಲ. ಬಂದಾಗ ಮಗುವಿಗೆ 14 ತಿಂಗಳು. ಹಿಂದಿನ ಸಲ ಎರಡೂ ಕಣ್ಣು ಪ್ಲಸ್ 18 ಇತ್ತು. ಈಗ ಬಲಗಣ್ಣು 17, ಎಡಗಣ್ಣು 11.

"ನಂಬರ್ ಕಡಿಮಿ ಆಗೇದಲ್ರಿ ಡಾಕ್ಟ್ರೇ, ಛಲೋ ಆತಲ್ರಿ?" ಅಂದರು ತಾಯಿ.

ನನಗೆ ಎದೆ ಧಸಕ್ಕೆಂದಿತು. ಮಗು ಬೆಳೆದಂತೆ ಪ್ಲಸ್ ನಂಬರ್ ನಿಧಾನಕ್ಕೆ ಇಳಿಯುವುದು ಸಹಜ. ಒಂದೇ ಕಣ್ಣಲ್ಲಿ ಹೀಗೆ ಸರ್ರನೆ ಇಳಿದರೆ, ಒಳಗಿನ ಒತ್ತಡಕ್ಕೆ ಕಣ್ಣು ಬಲೂನಿನ ಹಾಗೆ ಹಿಗ್ಗುತ್ತಿದೆ ಅಂತ ಅರ್ಥ. ಹೀಗಾದ ಕಣ್ಣಿಗೆ ಬೆಳಕು ತಡೆಯುವುದಿಲ್ಲ. ಅದಕ್ಕೇ ಬಿಸಿಲಿಗೆ ಹೇಗಿರ್ತಾನೆ ಅಂತ ಕೇಳಿದೆ. "ಹೊರಗ ಬಂದ್ರ ಸಾಕು, ಮಾರಿ ನನ್ನ ಹೆಗಲಿಗೆ ಒತ್ತಿ ಮುಚ್ಕೋತಾನ್ರಿ."

ಹಾಲು ಕುಡಿದು ನಿದ್ದೆ ಹೋದ ಮೇಲೆ ಕಣ್ಣಿನ ಒತ್ತಡ ಅಳೆಯುವ ರಿಬೌಂಡ್ ಟೋನೋಮೀಟರ್ ಹಿಡಿದೆ. ಅದರ ಪುಟ್ಟ ಕಡ್ಡಿ ಕಣ್ಣಿಗೆ ಟಿಕ್ ಅಂತ ತಾಗಿ ಬರುತ್ತದೆ, ಮರಗಟ್ಟಿಸುವ ಹನಿ ಬೇಕಿಲ್ಲ. ಎಡಗಣ್ಣಿನ ಒತ್ತಡ 32. ಸಾಮಾನ್ಯವಾಗಿ 21 ದಾಟಬಾರದು. ಕಪ್ಪುಗುಡ್ಡೆಯ ಅಗಲ ಬಲಕ್ಕೆ 11.5 ಮಿ.ಮೀ., ಎಡಕ್ಕೆ 13.

ಒತ್ತಡ ಇಳಿಸುವ ಡಾರ್ಜೋಲಮೈಡ್, ಟಿಮೊಲಾಲ್ ಹನಿ ಶುರು ಮಾಡಿದೆ. ಟಿಮೊಲಾಲ್ ಉಬ್ಬಸ ಕೆರಳಿಸಬಹುದು, ಹಾಗಾಗಿ ಅದಕ್ಕೂ ಮುಂಚೆ ಮಗುವಿಗೆ ಉಬ್ಬಸ ಇಲ್ಲ ಅಂತ ಖಚಿತ ಮಾಡಿಕೊಂಡೆ. ಇದೇ ಕೆಲಸದ ಇನ್ನೊಂದು ಹನಿ ಬ್ರಿಮೊನಿಡಿನ್ ಮಾತ್ರ ಬೇಡವೇ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಮಂಪರು ಹತ್ತಿ, ಉಸಿರೇ ನಿಧಾನವಾಗಬಹುದು. ಹನಿ ಹಾಕಿದ ಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಲು ತಾಯಿಗೆ ಕಲಿಸಿದೆ. ಔಷಧಿ ಮೂಗಿಗಿಳಿದು ಮೈಗೆ ಸೇರುವುದು ಕಡಿಮೆಯಾಗುತ್ತದೆ.

ಹನಿಯಿಂದ 26ಕ್ಕೆ ಇಳಿಯಿತು, ಅಷ್ಟೇ. ಹೆಚ್ಚು ಕಾಯದೆ ಮಧುರೈನ ಅರೋಲ್ಯಾಬ್ ಮಾಡುವ ಟ್ಯೂಬ್ ಹಾಕಿದೆ. ಅದು ಕಣ್ಣಿನೊಳಗಿನ ನೀರನ್ನು ಹೊರಪದರದ ಕೆಳಗೆ ಹರಿಸುತ್ತದೆ. ಶುರುವಿನಲ್ಲೇ ನೀರು ಜಾಸ್ತಿ ಹರಿದು ಕಣ್ಣು ಕುಸಿಯಬಾರದು ಅಂತ, ಕೆಲವು ವಾರದಲ್ಲಿ ಕರಗುವ ದಾರದಿಂದ ಟ್ಯೂಬನ್ನು ಬಿಗಿದಿದ್ದೆ. ಆವರೆಗೆ ಹನಿ ಬಿಡಿಸಲಿಲ್ಲ.

ಈಗ ಎಡಗಣ್ಣಿನ ಒತ್ತಡ 15. ಅದರ ದೃಷ್ಟಿ ಹಿಂದೆ ಬಿದ್ದಿದೆ, ಹಾಗಾಗಿ ಎಡಗಣ್ಣು ಕೆಲಸ ಮಾಡಲಿ ಅಂತ ಬಲಗಣ್ಣಿಗೆ ದಿನಕ್ಕೆ ಎರಡು ಗಂಟೆ ಪಟ್ಟಿ. ಬಲಗಣ್ಣಿಗೂ ಗ್ಲಾಕೋಮಾ ಯಾವಾಗ ಬೇಕಾದರೂ ಬರಬಹುದು. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದೇನೆ. ಸುಗ್ಗಿ ಇದ್ದರೂ ಬರುತ್ತಾರೆ.